ಇಬ್ಬನಿ ಕುಡಿದು ಬೆಳೆಯುವ ಸೀಮೆಯಲ್ಲಿ

ಬೀದರದಿಂದ ಜಹೀರಾಬಾದಿನ ದಾರಿ ಹಿಡಿದರೆ ಕರ್ನಾಟಕ ಎಲ್ಲಿ ಮುಗಿಯಿತು, ತೆಲಂಗಾಣ ಎಲ್ಲಿ ಶುರುವಾಯಿತು ಎಂಬುದನ್ನು ಅಂಗಡಿಗಳ ಬೋರ್ಡು ನೋಡಿಯೇ ತಿಳಿಯಬೇಕು. ಮಣ್ಣು ಅದೇ ಕೆಂಪು, ಬಿಸಿಲು ಅದೇ, ಮಾತೂ ಹೆಚ್ಚುಕಡಿಮೆ ಅದೇ ಕಲಬೆರಕೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ ಚಿಲ್ಲರೆಗಾಗಿ ಕಂಡಕ್ಟರನ ಜೊತೆ ಉರ್ದುವಿನಲ್ಲಿ ಜಗಳ ತೆಗೆದಳು, ಕಿಟಕಿಯಾಚೆ ಕೈ ಚಾಚಿದ ಮೊಮ್ಮಗನನ್ನು ತೆಲುಗಿನಲ್ಲಿ ಗದರಿದಳು, ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು: "ಝರಾಸಂಗಮಕ್ಕ ಹೊಂಟೀಯೇನು ತಂಗಿ?"

ನಮ್ಮ ಕಡೆಯವರು ಆ ದಾರಿಯಲ್ಲಿ ಹೋದರೆ ಕೇತಕಿ ಸಂಗಮೇಶ್ವರನ ದರ್ಶನಕ್ಕೇ ಎಂದು ಆಕೆಯ ಲೆಕ್ಕ. ಪಸ್ತಾಪುರಕ್ಕೆ, ಜಾತ್ರೆ ನೋಡಲಿಕ್ಕೆ ಅಂದೆ.

"ಪಸ್ತಾಪುರದಾಗ ಯಾವ ದೇವರದ?"

"ಬೀಜದ ಜಾತ್ರಿ ಅಂತಲ್ಲವ್ವಾ..."

"ಹಾಂ, ಸಂಘದ ಹೆಣ್ಮಕ್ಕಳದು! ಹಂಗನ್ನು ಮತ್ತ." ಅಜ್ಜಿಗೆ ಗೊತ್ತಿತ್ತು.

ಸಂಕ್ರಾಂತಿಯಿಂದ ಶುರುವಾಗಿ ಸುಮಾರು ಒಂದು ತಿಂಗಳು ಊರೂರು ಸುತ್ತುವ ಈ ಜಾತ್ರೆಗೆ ಅಲ್ಲಿಯವರು 'ಪಾತ ಪಂಟಲ ಜಾತರ' ಎನ್ನುತ್ತಾರೆ, ಹಳೆಯ ಬೆಳೆಗಳ ಜಾತ್ರೆ. ನಡೆಸುವವರು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಹೆಂಗಸರು. ಎರಡು ದಶಕಕ್ಕೂ ಮೀರಿ ನಡೆದುಬಂದಿದೆ. ನಾನು ಸೇರಿಕೊಂಡ ಹಳ್ಳಿಯಲ್ಲಿ ಅಗಸಿಯ ಹತ್ತಿರ ಜನ ಆಗಲೇ ನೆರೆದಿದ್ದರು. ಹಲಗೆಯ ಸದ್ದು ಕೇಳಿತು, ಆಮೇಲೆ ಕೆಂಧೂಳು ಎದ್ದಿತು, ಧೂಳಿನೊಳಗಿಂದ ಎತ್ತಿನ ಬಂಡಿಗಳು ಒಂದೊಂದಾಗಿ ಮೂಡಿಬಂದವು. ಮಾವಿನ ತೋರಣ, ಜೋಳದ ದಂಟು, ಬಣ್ಣದ ಬಟ್ಟೆ ಕಟ್ಟಿ ಸಿಂಗಾರ ಮಾಡಿದ್ದ ಬಂಡಿಗಳಲ್ಲಿ ಬುಟ್ಟಿ ಬುಟ್ಟಿ ಬೀಜ. ನವಣೆ, ಸಾಮೆ, ಹಾರಕ, ಸಜ್ಜೆ, ಬಿಳಿಜೋಳ, ಹಳದಿ ಜೋಳ, ಕೆಂಪು ತೊಗರಿ, ಕರಿ ತೊಗರಿ, ಅವರೆ, ಉದ್ದು, ಪುಂಡಿ, ಗುರೆಳ್ಳು, ಅಗಸೆ. ಊರ ಹೆಂಗಸರು ಎತ್ತುಗಳ ಕಾಲಿಗೆ ನೀರೆರೆದು, ಕುಂಕುಮ ಹಚ್ಚಿ, ಕಾಯಿ ಒಡೆದರು. ದೇವರ ಪಲ್ಲಕ್ಕಿಗೆ ಸಲ್ಲುವ ಗೌರವ ಕಾಳಿಗೆ ಸಲ್ಲುವುದನ್ನು ನಾನು ಅದೇ ಮೊದಲು ಕಂಡದ್ದು. ಇಷ್ಟಕ್ಕೇ ಆಗಿದ್ದರೂ ಹೋದದ್ದು ಸಾರ್ಥಕ. ಆದರೆ ನನ್ನ ಕಣ್ಣರಳಿಸಿದ್ದು ಮೆರವಣಿಗೆ ಮುಗಿದ ಮೇಲೆ ಒಂದು ಅಂಗಳದಲ್ಲಿ ನಡೆದ ಕೆಲಸ.

ಸಾರಿಸಿದ ಅಂಗಳದ ಮೇಲೆ ಒಬ್ಬ ಹೆಣ್ಣುಮಗಳು ರಂಗೋಲಿ ಹಿಟ್ಟಿನಲ್ಲಿ ಉದ್ದಕ್ಕೆ ಅಡ್ಡಕ್ಕೆ ಗೆರೆ ಎಳೆದು ಮನೆಗಳನ್ನು ಮಾಡಿದಳು. ಎಡಗಡೆ ಮೇಲಿನಿಂದ ಕೆಳಕ್ಕೆ ಒಂದು ಜೋಳದ ತೆನೆ, ನವಣೆ ತೆನೆ, ತೊಗರಿಯ ಕಾಯಿ, ಅಗಸೆಯ ಟೊಂಗೆ, ಹತ್ತಿಯ ಕಾಯಿ, ಕೊನೆಗೆ ಗೇಣುದ್ದ ಕಬ್ಬು ಇಟ್ಟರು. ಮೇಲಿನ ಸಾಲಿನಲ್ಲಿ ಒಂದು ರೊಟ್ಟಿ ಚೂರು, ಹಿಡಿ ಮೇವು, ಮಣ್ಣಿನ ಹೆಂಟೆ, ಒಲೆಯ ಕಟ್ಟಿಗೆ, ಒಂದು ಚೆಂಬು ನೀರು, ಹತ್ತು ರೂಪಾಯಿಯ ನೋಟು. ಅಕ್ಷರ ಒಂದೂ ಇಲ್ಲ. ಯಾವ ಬೆಳೆ ಯಾವುದಕ್ಕೆ ಎಷ್ಟು ಒದಗುತ್ತದೆ ಎಂದು ಒಬ್ಬೊಬ್ಬರೇ ಬಂದು ಹುಣಸೆಬೀಜ ಇಡಬೇಕು. ಇಟ್ಟವರು ಯಾಕೆ ಇಟ್ಟೆ ಎಂದು ಹೇಳಬೇಕು. ಒಪ್ಪದವರು ತೆಗೆಯಬಹುದು.

ಜೋಳದ ಸಾಲು ಬೇಗ ತುಂಬಿತು: ರೊಟ್ಟಿಗೂ ಆಯಿತು, ಕಣಿಕೆಗೂ ಆಯಿತು. ತೊಗರಿಯಲ್ಲಿ ಜಗಳ ಹತ್ತಿತು. ಒಬ್ಬಳು ನೋಟಿನ ಕೆಳಗೆ ಬೀಜ ಸುರಿದರೆ, ಇನ್ನೊಬ್ಬಳು ಅದರಲ್ಲಿ ಅರ್ಧ ಬಾಚಿ ಮಣ್ಣಿನ ಹೆಂಟೆಯ ಕೆಳಗೆ ಇಟ್ಟಳು. ಉದುರಿದ ಎಲೆ ಹೊಲಕ್ಕೆ ಗೊಬ್ಬರವಾಗುವುದನ್ನು ಲೆಕ್ಕ ಹಿಡಿಯುವವರು ಯಾರು ಎಂದು ಅವಳ ವಾದ. ಮೂರನೆಯವಳು ಒಣಗಿದ ತೊಗರಿ ಕಟ್ಟಿಗೆ ತೋರಿಸಿ ಒಲೆಯ ಪಾಲು ಕೇಳಿದಳು. ಆಮೇಲೆ ಹತ್ತಿಯ ಸರದಿ. ನೋಟಿನ ಕೆಳಗೆ ರಾಶಿ ಬಿತ್ತು. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಮುದುಕಿಯೊಬ್ಬಳು ಎದ್ದು ಬಂದು ಏನೋ ಅಂದಳು. ಎಲ್ಲರೂ ನಕ್ಕರು. ಗಡಿಯಂಚಿನ ನ್ಯಾಲ್ಕಲ್ ಕಡೆಯ ಹೆಣ್ಣುಮಗಳೊಬ್ಬಳು ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದಳು: "ರೊಕ್ಕ ಬರೂದು ಖರೆ ಅಂತಾಳ. ಬಂದ ರೊಕ್ಕ ಮನಿ ಬಾಗಿಲಾ ದಾಟಿ ಒಳಗ ಬರ್ತದೋ, ಬೀಜದ ಅಂಗಡ್ಯಾಗೇ ಉಳೀತದೋ ಅದನ್ನ ಮೊದಲ ಹೇಳ್ರಿ ಅಂತಾಳ."

ನಗು ನಿಂತ ಮೇಲೆ ನಡೆದದ್ದನ್ನು ನಾನು ಮರೆಯಲಾರೆ. ಗೆರೆ ಎಳೆದಿದ್ದವಳು ಮತ್ತೆ ಹಿಟ್ಟು ತಗೊಂಡು ನೋಟಿನ ಮನೆಯ ನಡುವೆ ಇನ್ನೊಂದು ಗೆರೆ ಎಳೆದಳು. ಈಗ ಮನೆಗಳು ಎರಡಾದವು: ಬರುವ ರೊಕ್ಕ, ಹೋಗುವ ರೊಕ್ಕ. ಎಲ್ಲ ಬೆಳೆಗಳಿಗೂ ಮತ್ತೆ ಮೊದಲಿನಿಂದ ಬೀಜ ಇಟ್ಟರು. ಅಧ್ಯಯನ ಅರ್ಧಕ್ಕೆ ಬಂದಾಗ ಪ್ರಶ್ನೆಯನ್ನೇ ತಿದ್ದುವ ಅಧಿಕಾರ ಆ ಮುದುಕಿಗಿತ್ತು. ನಮ್ಮ ಯಾವ ಸರ್ವೇ ನಮೂನೆಯಲ್ಲಿ ಇದಕ್ಕೆ ಜಾಗವಿದೆ? ಎಕರೆಗೆ ಎಷ್ಟು ಕ್ವಿಂಟಲ್ ಎಂಬ ಒಂದು ಖಾನೆ ಇರುತ್ತದೆ, ಅದನ್ನು ತುಂಬಿಸಿಕೊಂಡು ಹುಡುಗರು ಬೈಕ್ ಹತ್ತುತ್ತಾರೆ. ಕಣಿಕೆ, ಕಟ್ಟಿಗೆ, ಉದುರಿದ ಎಲೆ, ಅಕ್ಕಡಿ ಸಾಲಿನ ಪುಂಡಿಸೊಪ್ಪು ಯಾವ ಖಾನೆಗೂ ಹತ್ತುವುದಿಲ್ಲ.

ಈ ಅಂಗಳದ ವಿದ್ಯೆಗೆ ಒಂದು ಚರಿತ್ರೆ ಇದೆ. ಹಳ್ಳಿಯವರೇ ನೆಲದ ಮೇಲೆ ನಕ್ಷೆ ಬರೆದು, ಕಾಳು ಕಲ್ಲು ಇಟ್ಟು, ತಮ್ಮ ಊರನ್ನು ತಾವೇ ವಿಶ್ಲೇಷಿಸುವ ಪದ್ಧತಿ 1980ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ಬೇರೂರಿದಾಗ ಅದರಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆಯದು ದೊಡ್ಡ ಪಾತ್ರ. ಅದೇ ಹೊತ್ತಿಗೆ ಹೈದರಾಬಾದಿನಲ್ಲಿದ್ದ ಅಭಿವೃದ್ಧಿ ಸಂಶೋಧಕ ರಾಬರ್ಟ್ ಚೇಂಬರ್ಸ್ ಇದನ್ನು ಜಗತ್ತಿಗೆಲ್ಲ ಸಾರಿದರು. ಜಹೀರಾಬಾದಿನ ಸೀಮೆಯಲ್ಲಿ ಇದು ಬೇರೆಯದೇ ಎತ್ತರಕ್ಕೆ ಹೋಯಿತು. ಅದಕ್ಕೆ ಕಾರಣರಾದವರಲ್ಲಿ ಮುಖ್ಯರು ಒಬ್ಬ ಮೈಸೂರಿನವರು, ಪಿ.ವಿ. ಸತೀಶ್. 1945ರಲ್ಲಿ ಹುಟ್ಟಿದ ಅವರು ದೂರದರ್ಶನದಲ್ಲಿ ಗ್ರಾಮೀಣ ಕಾರ್ಯಕ್ರಮಗಳ ನಿರ್ಮಾಪಕರಾಗಿದ್ದರು. 1983ರಲ್ಲಿ ಗೆಳೆಯರೊಂದಿಗೆ ಸೇರಿ ಈ ಸೊಸೈಟಿ ಕಟ್ಟಿದರು. ಸಂಘಗಳಲ್ಲಿದ್ದವರು ಬಹುಪಾಲು ದಲಿತ ಹೆಂಗಸರು, ಕೂಲಿಯವರು, ತುಂಡು ಹೊಲದವರು. ಅವರ ಪಾಲಿಗೆ ಬಂದಿದ್ದ ಭೂಮಿ ಹೆಚ್ಚಿನದೂ ಬೀಳು. 2023ರ ಮಾರ್ಚಿನಲ್ಲಿ ಸತೀಶ್ ತೀರಿಕೊಂಡರು. ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷವೆಂದು ಸಾರಿದ್ದ ವರ್ಷವೇ ಅದು. ನಮ್ಮ ಮೈಸೂರು ಅವರನ್ನು ತನ್ನವರೆಂದು ನೆನೆದದ್ದು ಕಡಿಮೆ.

1990ರ ದಶಕದ ನಡುವೆ ಆ ಹೆಂಗಸರು ಬೀಳು ಹೊಲಗಳನ್ನು ಹಸನು ಮಾಡಿ ಜೋಳ ಬೆಳೆದು, ಊರಿನಲ್ಲೇ ಕೂಡಿಟ್ಟು, ಬಡವರಿಗೆ ಅಗ್ಗಕ್ಕೆ ಹಂಚುವ ತಮ್ಮದೇ ಪಡಿತರ ವ್ಯವಸ್ಥೆ ಕಟ್ಟಿಕೊಂಡರು. ಯಾರಿಗೆ ಹಂಚಬೇಕು? ಸರ್ಕಾರದ ಪಟ್ಟಿಯನ್ನು ಅವರು ಕೇಳಲಿಲ್ಲ. ಊರಿನ ಪ್ರತಿಯೊಂದು ಮನೆಯನ್ನೂ ನೆಲದ ಮೇಲೆ ಗುರುತು ಹಾಕಿ, ಬಡತನವೆಂದರೆ ಏನೆಂಬುದನ್ನು ತಾವೇ ತೀರ್ಮಾನಿಸಿದರು. ಎಷ್ಟು ಎಕರೆ ಇದೆ ಎಂಬುದಷ್ಟೇ ಅಲ್ಲ, ದುಡಿಯುವ ಕೈ ಎಷ್ಟು, ಗಂಡ ಬಿಟ್ಟವಳೋ, ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೋ ಎಂದು ನೋಡಿದರು. ಎಲ್ಲರೆದುರು ಹಾಕಿದ ಗುರುತು. ಸುಳ್ಳು ಹೇಳಿದರೆ ಪಕ್ಕದ ಮನೆಯವಳೇ ಎದ್ದು ನಿಲ್ಲುತ್ತಾಳೆ. ಬಿಪಿಎಲ್ ಕಾರ್ಡಿಗೆ ನಮ್ಮೂರುಗಳಲ್ಲಿ ನಡೆಯುವ ಲಾಬಿ ಕಂಡವರಿಗೆ ಈ ಸರಳತೆ ನಂಬಲು ಕಷ್ಟ.

ಮರುದಿನ ನಸುಕಿನಲ್ಲಿ ಆ ನ್ಯಾಲ್ಕಲ್ ಕಡೆಯವಳು ನನ್ನನ್ನು ಹೊಲಕ್ಕೆ ಕರೆದೊಯ್ದಳು. ಮಾಗಿಯ ಚಳಿ, ಕಾಲಿಗೆ ತಾಗಿದ ಕಡೆಯೆಲ್ಲ ಇಬ್ಬನಿ. ಅಗಸೆಯ ನೀಲಿ ಹೂ ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ನಡುವೆ ಕುಸುಬೆ, ಬಿಳಿಜೋಳ, ಕಡಲೆ. ಬಾವಿಯಿಲ್ಲ, ಬೋರಿಲ್ಲ, ಪೈಪಿನ ತುಂಡೂ ಕಾಣಲಿಲ್ಲ. ಮಳೆ ನಿಂತು ತಿಂಗಳುಗಳಾಗಿದ್ದವು. ನೆಲದಲ್ಲಿ ಉಳಿದ ತೇವ, ಮೇಲಿನಿಂದ ಬೀಳುವ ಮಂಜು, ಇಷ್ಟರಲ್ಲೇ ಬೆಳೆಯುವ ಇವಕ್ಕೆ ಅಲ್ಲಿಯವರು 'ಸತ್ಯಂ ಪಂಟಲು' ಎನ್ನುತ್ತಾರೆ. ನೀರು ಗೊಬ್ಬರ ಔಷಧ ಏನೂ ಕೇಳದೆ, ಕೊಟ್ಟ ಮಾತಿಗೆ ನಿಲ್ಲುವ ಬೆಳೆ. ಈ ಬೆಳೆಗಳ ಬಗ್ಗೆ ಸಂಘದವರು ಊರೂರಿನ ರೈತರ ತಿಳಿವಳಿಕೆಯನ್ನು ಕಲೆಹಾಕಿ ದಾಖಲು ಮಾಡಿದ್ದಾರೆ, ಚಿತ್ರವನ್ನೂ ತೆಗೆದಿದ್ದಾರೆ. ಆಕೆ ಸೆರಗಿನ ತುದಿಯನ್ನು ಕಡಲೆ ಗಿಡದ ಮೇಲೆ ಎಳೆದು ಹಿಂಡಿದಳು. "ನಾಲಿಗಿಗೆ ಹಚ್ಚಿ ನೋಡು ತಂಗಿ." ಜುಮ್ಮೆನ್ನುವ ಹುಳಿ. ನಮ್ಮ ಉತ್ತರದ ಜಿಲ್ಲೆಗಳಲ್ಲೂ ಹೊಟ್ಟೆನೋವಿಗೆಂದು ಹೀಗೆ ಕಡಲೆಯ ಹುಳಿ ಹಿಡಿದಿಡುತ್ತಿದ್ದರು. ಈಗ ಆ ಔಷಧ ಬಲ್ಲವರು ವಿರಳ. ಯಾವ ಬೆಳೆ ಯಾವ ಮಣ್ಣಿಗೆ, ಯಾವ ಕಾಳಿನ ಬುಟ್ಟಿಗೆ ಬೂದಿ, ಯಾವುದಕ್ಕೆ ಬೇವಿನೆಲೆ ಎಂದು ಹೇಳುತ್ತ ಆಕೆ ಸಾಲಿನಿಂದ ಸಾಲಿಗೆ ನಡೆದಳು. ಸಂಘದಿಂದ ಬೀಜ ಕಡ ತಂದರೆ ಸುಗ್ಗಿಯಲ್ಲಿ ಅದಕ್ಕಿಂತ ಹೆಚ್ಚು ಅಳೆದು ಹಿಂದಿರುಗಿಸುವುದು ರೂಢಿ. ಬಡ್ಡಿಯೂ ಬೀಜವೇ.

ಇನ್ನು ಕ್ಯಾಮೆರಾದ ಕಥೆ. 2001ರಲ್ಲಿ ಈ ಹೆಂಗಸರ ಕಮ್ಯುನಿಟಿ ಮೀಡಿಯಾ ಟ್ರಸ್ಟ್ ಹುಟ್ಟಿತು. ಅಕ್ಷರ ಬಾರದವರು, ಹೊಲಗೆಲಸದವರು ವಿಡಿಯೋ ಕಲಿತರು. ದಣಿ ಕಟ್ಟೆಯ ಮೇಲೆ, ಕೂಲಿಯವಳು ಕೆಳಗೆ ಎಂಬಂತೆ ಏರುತಗ್ಗಿನಲ್ಲಿ ಹಿಡಿದ ಚಿತ್ರಕ್ಕೆ ಅವರು ಇಟ್ಟ ಹೆಸರು ಪಟೇಲ್ ಶಾಟ್. ಕಣ್ಣಿನ ಮಟ್ಟದಲ್ಲಿ ಹಿಡಿದರೆ ಸಂಘಂ ಶಾಟ್. ಚಾಪೆಯ ಮೇಲೆ ಎಲ್ಲರೂ ಸಮ ಕೂತಾಗ ಕಾಣುವ ಮುಖ ಅದು, ತಮ್ಮ ಚಿತ್ರಗಳಲ್ಲಿ ತಮಗೆ ಬೇಕಾದದ್ದು ಅದೇ ಎಂದರು. ಫಿಲ್ಮ್ ಶಾಲೆಗಳಲ್ಲಿ ಈ ಪಾಠ ಇಷ್ಟು ಚೊಕ್ಕವಾಗಿ ಹೇಳಿಕೊಡುವುದನ್ನು ನಾನು ಕೇಳಿಲ್ಲ.

2002ರ ಮಾರ್ಚಿನಲ್ಲಿ ಭಾರತದಲ್ಲಿ ಕುಲಾಂತರಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಆ ಮುಂಗಾರಿನಲ್ಲಿ ವಾರಂಗಲ್ಲಿನ ರೈತರು ಬಿತ್ತಿದರು. ಸಂಘದ ಹೆಂಗಸರು ಕ್ಯಾಮೆರಾ ಹೊತ್ತು ಅಲ್ಲಿಗೆ ಹೋದರು, ಒಂದು ಸಲ ಹೋಗಿ ಬಂದು ಸುಮ್ಮನಾಗಲಿಲ್ಲ, ಹಂಗಾಮು ಪೂರ್ತಿ ತಿಂಗಳು ತಿಂಗಳೂ ಅದೇ ರೈತರ ಹೊಲಕ್ಕೆ ಹೋದರು. ಮೊದಮೊದಲು ರೈತರ ಮುಖದಲ್ಲಿ ಉಮೇದು. ಕೊನೆಕೊನೆಗೆ ಅದೇ ಮುಖಗಳಲ್ಲಿ ಸಿಟ್ಟು. ಚಿತ್ರ 2003ರಲ್ಲಿ ಬಂತು. ವಾರಂಗಲ್ಲಿನ ರೈತರಿಗೆ ಬಿಟಿ ಹತ್ತಿಯ ಮೇಲೆ ಯಾಕೆ ಸಿಟ್ಟು ಎಂಬುದೇ ಅದರ ಹೆಸರು. ಹಲವು ಭಾಷೆಗಳಿಗೆ ಹೋಯಿತು. ಕೃಷಿ ವಿಜ್ಞಾನಿಗಳಾದ ಅಬ್ದುಲ್ ಖಯ್ಯೂಮ್ ಮತ್ತು ಕಿರಣ್ ಸಖ್ಖರಿ ಅದೇ ಹೊಲಗಳ ಸೀಮೆಯಲ್ಲಿ ಅಂಕಿಅಂಶದ ಅಧ್ಯಯನ ನಡೆಸಿದರು. ಕೂಲಿಯವಳ ಕ್ಯಾಮೆರಾ, ವಿಜ್ಞಾನಿಯ ಕೋಷ್ಟಕ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದವು. ಮುಂದೆ ಆ ಹೆಂಗಸರು ದಕ್ಷಿಣ ಆಫ್ರಿಕಾ, ಮಾಲಿ, ಇಂಡೋನೇಷ್ಯಾ, ಥಾಯ್ಲೆಂಡಿನವರೆಗೆ ಹೋಗಿ ಅಲ್ಲಿಯ ಹತ್ತಿ ರೈತರನ್ನು ಮಾತಾಡಿಸಿ ಚಿತ್ರ ಮಾಡಿದರು. ಭಾಷೆ ಬೇರೆ. ಆದರೆ ಹತ್ತಿಯ ಗಿಡ ಹಿಡಿದು ಕಾಯಿ ಎಣಿಸುವಾಗ ದುಭಾಷಿ ಬೇಕಾಗಿರಲಿಕ್ಕಿಲ್ಲ.

2005ರ ಮೇ ತಿಂಗಳಲ್ಲಿ ಕೇಂದ್ರದ ಅನುಮೋದನಾ ಸಮಿತಿ ಆ ಮೊದಲ ಮೂರು ಬಿಟಿ ತಳಿಗಳ ಪರವಾನಗಿಯನ್ನು, ತೆಲಂಗಾಣ ಆಗಿನ್ನೂ ಸೇರಿದ್ದ ಆಂಧ್ರಪ್ರದೇಶದಲ್ಲಿ ನವೀಕರಿಸಲು ಒಪ್ಪಲಿಲ್ಲ. ಇದನ್ನು ಹೇಳುವಾಗ ಉಳಿದರ್ಧವನ್ನೂ ಹೇಳಬೇಕು. ಬೇರೆ ಬಿಟಿ ತಳಿಗಳು ಬಂದವು, ದೇಶದ ಹತ್ತಿ ಹೊಲದ ಹತ್ತರಲ್ಲಿ ಒಂಬತ್ತು ಪಾಲು ಅವೇ ಆದವು. ಹೆಂಗಸರ ಅಧ್ಯಯನ ಒಂದು ಸೀಮೆಯದು, ಪಕ್ಷಪಾತದ್ದು ಎಂದು ಆಕ್ಷೇಪಿಸಿದವರೂ ಇದ್ದರು. ಪಕ್ಷ ಇತ್ತು ನಿಜ. ಬೀಜ ಮಾರುವವರು ಮಾಡಿಸಿದ ಅಧ್ಯಯನಗಳಿಗೂ ಇತ್ತು. ಹೆಂಗಸರು ತಮ್ಮ ಪಕ್ಷ ಯಾವುದೆಂದು ಮುಚ್ಚಿಡಲಿಲ್ಲ ಎಂಬುದು ನನ್ನ ಮಟ್ಟಿಗೆ ದೊಡ್ಡದು.

ಇದಕ್ಕೂ ಮುಂಚೆ, 2001ರ ಜೂನ್ ಕೊನೆಯಲ್ಲಿ, ಇದೇ ಸೀಮೆಯ ಅಲ್ಗೋಲ್ ಹಳ್ಳಿಯಲ್ಲಿ 'ಪ್ರಜಾತೀರ್ಪು' ನಡೆದಿತ್ತು. ಆಂಧ್ರ ಸರ್ಕಾರದ 'ವಿಷನ್ 2020' ಯೋಜನೆಯ ಮೇಲೆ ತೀರ್ಪು ಕೊಡಲು ಸಣ್ಣ ರೈತರು, ಕೂಲಿಕಾರರು ಪಂಚರಾಗಿ ಕೂತಿದ್ದರು, ಹೆಚ್ಚಿನವರು ಹೆಂಗಸರು. ಅಧಿಕಾರಿಗಳು, ವಿಜ್ಞಾನಿಗಳು, ಕಂಪನಿಯವರು ಸಾಕ್ಷಿಗಳಾಗಿ ಬಂದು ಅವರ ಮುಂದೆ ನಿಂತರು. ಬೇಸಾಯ ಅವಲಂಬಿಸಿದವರ ಪ್ರಮಾಣವನ್ನು ನೂರಕ್ಕೆ 70ರಿಂದ 40ಕ್ಕೆ ಇಳಿಸುವುದು ಆ ಯೋಜನೆಯ ಒಂದು ನೋಟ. ಹಾಗಾದರೆ ಉಳಿದವರು ಎಲ್ಲಿಗೆ ಹೋಗಬೇಕು ಎಂಬುದು ಪಂಚರಿಗೆ ಎದುರಾದ ಪ್ರಶ್ನೆ. ಯಂತ್ರಗಳಿಗೆ ಹೊಲ ಬಿಟ್ಟುಕೊಡುವುದು, ಗುತ್ತಿಗೆ ಬೇಸಾಯ, ಕುಲಾಂತರಿ ಬೀಜ ಇವು ಬೇಡ. ಆಹಾರ ಮತ್ತು ಊರಿನ ಸಂಪನ್ಮೂಲ ತಮ್ಮ ಕೈಯಲ್ಲಿರಲಿ ಎಂದು ತೀರ್ಪು ಕೊಟ್ಟರು. ರಾಜ್ಯಕ್ಕೆ ನೆರವು ಕೊಡುತ್ತಿದ್ದ ಬ್ರಿಟನ್ನಿನಲ್ಲಿ ಇದು ಗದ್ದಲವೆಬ್ಬಿಸಿತು. ಇವರು ನಿಜಕ್ಕೂ ಜನರ ಪ್ರತಿನಿಧಿಗಳೇ, ಪ್ರಕ್ರಿಯೆ ನ್ಯಾಯವಾಗಿತ್ತೇ ಎಂಬ ವಾದ ಅಲ್ಲಿಯ ಸಂಶೋಧನಾ ಸಂಸ್ಥೆಗಳನ್ನೂ ಸುತ್ತಿಕೊಂಡಿತು. ಯೋಜನೆ ಬರೆದ ಸಲಹಾ ಕಂಪನಿ ಯಾರ ಪ್ರತಿನಿಧಿ ಎಂದು ಅಷ್ಟೇ ಜೋರಾಗಿ ಕೇಳಿದ್ದರೆ ಚೆನ್ನಾಗಿತ್ತು.

ಹಿಂದಿರುಗುವ ಮೊದಲು ಮಾಚ್ನೂರಿಗೂ ಹೋಗಿಬಂದೆ. ಸಂಘಂ ರೇಡಿಯೋ ಇರುವುದು ಅಲ್ಲಿ. ಗಾಳಿಯ ಅಲೆಗಳು ಜನರ ಸೊತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ತೀರ್ಪಿನ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರೇ 2008ರ ಅಕ್ಟೋಬರ್ 15ರಂದು ಇಲ್ಲಿಗೆ ಬಂದು ಈ ಕೇಂದ್ರವನ್ನು ಆರಂಭಿಸಿದರು. 90.4 ಮೆಗಾಹರ್ಟ್ಸ್. ಸಿನಿಮಾ ಹಾಡಿನ ಗದ್ದಲವಿಲ್ಲ. ಊರ ಹಾಡು, ಬೀಜದ ಸುದ್ದಿ, ಬಾಣಂತಿಯ ಆರೈಕೆ. ಮೊದಲಿನಿಂದ ಇದನ್ನು ನಡೆಸಿಕೊಂಡು ಬಂದವರು ಇದೇ ಹಳ್ಳಿಗಳ ದಲಿತ ಹೆಣ್ಣುಮಕ್ಕಳು.

ಎಲ್ಲ ಸೊಗಸಾಗಿದೆ ಎಂದು ಬರೆದರೆ ಅದು ಜಾಹೀರಾತಾಗುತ್ತದೆ. ರಸ್ತೆಯ ಎರಡೂ ಬದಿ ಕಬ್ಬು, ಹತ್ತಿ, ಸೋಯಾ ಎದ್ದು ನಿಂತಿವೆ. ಝರಾಸಂಗಂ, ನ್ಯಾಲ್ಕಲ್ ಮಂಡಲಗಳಲ್ಲಿ ಕೈಗಾರಿಕಾ ವಲಯಕ್ಕೆಂದು ಹನ್ನೆರಡು ಸಾವಿರ ಎಕರೆಗೂ ಮೀರಿದ ಭೂಮಿಯ ಯೋಜನೆ ಇದೆ; ಹೊಲ ಕೊಟ್ಟವರಿದ್ದಾರೆ, ಕೊಡೆನೆಂದು ಕೂತವರಿದ್ದಾರೆ. ಆ ಅಂಗಳದಲ್ಲಿ ಹುಣಸೆಬೀಜ ಇಟ್ಟವರಲ್ಲಿ ಮೂವತ್ತರ ಕೆಳಗಿನವರು ಬೆರಳೆಣಿಕೆಯಷ್ಟು. ಬಂಡಿ ಹೂಡಲು ಎತ್ತು ಸಿಗುವುದೇ ಕಷ್ಟ ಎಂದು ಒಬ್ಬ ರೈತ ಹೇಳಿದ. ಅಧ್ಯಯನ ಮಾಡಿದವರಿಗೆ ಅದರ ಫಲವನ್ನು ಜಾರಿಗೊಳಿಸುವ ಅಧಿಕಾರ ಇಲ್ಲ ಎಂಬುದು ಈ ಇಡೀ ಪ್ರಯತ್ನದ ನೋವಿನ ಜಾಗ.

ಆದರೂ ನಮ್ಮವರಿಗೆ ಒಂದು ಮಾತು ಹೇಳಲೇಬೇಕು. ಕಲ್ಯಾಣ ಕರ್ನಾಟಕದ ಹಿಂದುಳಿದಿರುವಿಕೆಯ ಮೇಲೆ ನಮ್ಮಲ್ಲಿ ಎಷ್ಟು ವರದಿ, ಎಷ್ಟು ಪಿಎಚ್.ಡಿ. ಬಂದಿಲ್ಲ! ಅವುಗಳ ಒಂದು ಪ್ರತಿ ಯಾವ ಹಳ್ಳಿಯ ಪಂಚಾಯಿತಿ ಕಪಾಟಿನಲ್ಲಿದೆ? ಗುಳೆ ಹೋಗುವವರ ಬಗ್ಗೆ, ತೊಗರಿ ಬೆಳೆದು ಸೋತವರ ಬಗ್ಗೆ, ಅಂಗನವಾಡಿಯ ಮಕ್ಕಳ ಬಗ್ಗೆ ಇನ್ನೊಂದು ಅಧ್ಯಯನಕ್ಕೆ ಹೊರಡುವ ಮುನ್ನ ನಮ್ಮ ವಿಶ್ವವಿದ್ಯಾಲಯಗಳ ಮೇಷ್ಟ್ರುಗಳು, ಸಂಸ್ಥೆಗಳ ಗೆಳೆಯರು ಪ್ರಶ್ನಾವಳಿ ಅಚ್ಚಿಗೆ ಕೊಡುವುದನ್ನು ತುಸು ತಡೆಯಲಿ. ಜನವರಿಯಲ್ಲಿ ಬೀದರದಿಂದ ಜಹೀರಾಬಾದಿಗೆ ಬಸ್ಸು ಹತ್ತಲಿ. ಮೂವತ್ತು ಕಿಲೋಮೀಟರಿನ ಆಸುಪಾಸು, ಅಷ್ಟೇ. ಜಾತ್ರೆ ಫೆಬ್ರುವರಿಯ ನಡುವಿನವರೆಗೂ ನಡೆಯುತ್ತದೆ. ಅಂಗಳದ ಅಂಚಿನಲ್ಲಿ ಕೂತು ನೋಡಿ ಬಂದ ಮೇಲೆ ತಮ್ಮ ಪ್ರಶ್ನಾವಳಿಯನ್ನು ಮೊದಲು ಆ ಪ್ರಶ್ನೆ ಯಾರ ಬದುಕಿಗೆ ಸೇರಿದ್ದೋ ಅವರ ಕೈಗೆ ಕೊಟ್ಟು, ಬೇಕಾದ್ದನ್ನು ಇಟ್ಟು ಬೇಡದ್ದನ್ನು ಹೊಡೆದುಹಾಕಲು ಹೇಳಲಿ.